ಕಲ್ಯಾಣಿಯಿಂದ ದೊಡ್ಡಬೆಟ್ಟಕ್ಕೆ: ಎತ್ತರದ ಭೀತಿಯ ಒಂದು ಪ್ರಕರಣ

ಚನ್ನರಾಯಪಟ್ಟಣ ತಾಲ್ಲೂಕಿನ ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕಿಯೊಬ್ಬರು ತಮ್ಮ ಹದಿನಾರು ವರ್ಷಗಳ ಸೇವೆಯಲ್ಲಿ ಒಂಬತ್ತು ಬಾರಿ ಮಕ್ಕಳ ಜೊತೆ ಶ್ರವಣಬೆಳಗೊಳಕ್ಕೆ ಪ್ರವಾಸ ಹೋಗಿದ್ದರು. ಒಂಬತ್ತು ಬಾರಿಯೂ ಅವರು ಕೆಳಗೆ ಕಲ್ಯಾಣಿಯ ಹತ್ತಿರ ಕುಳಿತು, ಬೆಟ್ಟ ಹತ್ತಿದವರ ಚಪ್ಪಲಿಗಳನ್ನೂ ಊಟದ ಚೀಲಗಳನ್ನೂ ಕಾಯ್ದರು. ಮೊದಲ ವರ್ಷ ಮಂಡಿನೋವು ಎಂದಿದ್ದರು. ಆಮೇಲೆ ಯಾರೂ ಕಾರಣ ಕೇಳಲಿಲ್ಲ. ತರಗತಿಯಲ್ಲಿ ಗೊಮ್ಮಟನ ಪ್ರಸ್ತಾಪ ಬಂದಾಗಲೆಲ್ಲ ಅವರು ಬೊಪ್ಪಣ ಪಂಡಿತನ ಶಾಸನದ ಪ್ರಸಿದ್ಧ ಪದ್ಯವನ್ನು ಬಾಯಿಪಾಠವಾಗಿ ಹೇಳಿ ವಿವರಿಸುತ್ತಿದ್ದರು. ಬಹಳ ಎತ್ತರವಾದದ್ದರಲ್ಲಿ ಚೆಲುವು ಇರಲಾರದು, ಎತ್ತರವೂ ಚೆಲುವೂ ಕೂಡಿದರೂ ಅತಿಶಯ ಇರಲಾರದು, ಇಲ್ಲಿ ಮಾತ್ರ ಮೂರೂ ಸೇರಿವೆ ಎನ್ನುವ ಪದ್ಯ ಅದು. ಆ ಶಾಸನದ ಕಲ್ಲು ದೊಡ್ಡಬೆಟ್ಟದ ಮೇಲೆ, ಗೊಮ್ಮಟನ ಸುತ್ತಾಲಯದ ಬಾಗಿಲ ಪಕ್ಕದಲ್ಲಿದೆ. ಅವರು ಅದನ್ನು ಒಮ್ಮೆಯೂ ಕಂಡಿರಲಿಲ್ಲ.

ಆದರೆ ಹಾಸನದಲ್ಲಿರುವ ನನ್ನ ಸಮಾಲೋಚನಾ ಕೊಠಡಿಗೆ ಅವರು ಬಂದದ್ದು ಬೆಟ್ಟದ ಕಾರಣಕ್ಕಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದ ಮಗನಿಗೆ ಡೆಂಗಿ ಜ್ವರ ಬಂದಾಗ, ಮೂರನೆಯ ಮಹಡಿಯಲ್ಲಿದ್ದ ಅವನ ಹಾಸ್ಟೆಲ್ ಕೋಣೆಯವರೆಗೆ ಹೋಗಲಾರದೆ ಅವರು ಕೆಳಗೆ ಗೇಟಿನ ಬಳಿಯೇ ನಿಂತರು. ಆ ಕಟ್ಟಡದ ಮೆಟ್ಟಿಲುಗಳು ಹೊರಗೋಡೆಗೆ ಅಂಟಿಕೊಂಡು ಬಯಲಿಗೆ ತೆರೆದಿದ್ದವು. ಮೊದಲ ತಿರುವಿನಲ್ಲಿಯೇ ಅವರ ಕಾಲು ನಡುಗಿ ಹಿಂದಿರುಗಿದರು. ಗಂಡ ಮೇಲೆ ಹೋಗಿ ಮಗನನ್ನು ಹಿಡಿದುಕೊಂಡು ಇಳಿಸಿದರು. ‘ಹೆತ್ತವಳು ನಾನು, ಜ್ವರದಲ್ಲಿ ಮಲಗಿದವನನ್ನೇ ನನ್ನ ಹತ್ತಿರಕ್ಕೆ ನಡೆಸಿಕೊಂಡು ಬಂದರು’ ಎಂದು ಮೊದಲ ಭೇಟಿಯಲ್ಲಿ ಹೇಳುವಾಗ ಅವರ ಕಣ್ಣು ತುಂಬಿತ್ತು. ಅವರ ಅನುಮತಿ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರ ವಯಸ್ಸು ಆಗ ನಲವತ್ತಮೂರು.

ಅವರು ತಮ್ಮ ಭಯವನ್ನು ವರ್ಣಿಸಿದ ರೀತಿ ನಿಖರವಾಗಿತ್ತು. ಎತ್ತರದ ಅಂಚಿನ ಹತ್ತಿರ ಹೋದೊಡನೆ ಅಂಗಾಲು ಜುಮ್ಮೆನ್ನುತ್ತಿತ್ತು, ಮಂಡಿ ಸಡಿಲವಾಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಕೆಳಗಿನಿಂದ ಯಾರೋ ಸೆರಗು ಹಿಡಿದು ಎಳೆದಂತಾಗುತ್ತಿತ್ತು. ಇದೆಲ್ಲಕ್ಕಿಂತ ಅವರನ್ನು ಹೆಚ್ಚು ಹೆದರಿಸಿದ್ದು ಒಂದು ಯೋಚನೆ. ‘ನಾನೇ ಹಾರಿಬಿಡುತ್ತೇನೇನೋ’ ಎನ್ನುವ ಆ ಯೋಚನೆಯನ್ನು ಅವರು ಗಂಡನಿಗೂ ಹೇಳಿರಲಿಲ್ಲ. ಇಂಥ ಮಾತು ಬಂದಾಗ ಸಮಾಲೋಚಕರು ಮುಜುಗರಪಡದೆ ನೇರವಾಗಿ ವಿಚಾರಿಸಲೇಬೇಕು. ನಾನೂ ಸಾಯುವ ಇಚ್ಛೆಯ ಬಗ್ಗೆ, ಬದುಕಿನ ಬೇಸರದ ಬಗ್ಗೆ ಬಿಡಿಸಿ ಬಿಡಿಸಿ ಕೇಳಿದೆ. ಅಂಥ ಇಚ್ಛೆ ಇರಲಿಲ್ಲ. ಬದುಕನ್ನು ಪ್ರೀತಿಸುವ ಅನೇಕರಿಗೂ ಎತ್ತರದಲ್ಲಿ ಈ ಯೋಚನೆ ಮಿಂಚಿ ಹೋಗುತ್ತದೆಂದು ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಇಪ್ಪತ್ತು ವರ್ಷ ಒಳಗೇ ಇಟ್ಟುಕೊಂಡ ಗುಟ್ಟು ಅದಾಗಿತ್ತು. (ಯಾರಿಗಾದರೂ ಸಾಯುವ ಯೋಚನೆ ನಿಜವಾಗಿಯೇ ಕಾಡುತ್ತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.)

ಚಿಕಿತ್ಸೆಗೆ ಮುನ್ನ ಅವರನ್ನು ಕಿವಿ, ಮೂಗು, ಗಂಟಲಿನ ವೈದ್ಯರ ಬಳಿಗೂ ಕಣ್ಣಿನ ವೈದ್ಯರ ಬಳಿಗೂ ಕಳುಹಿಸಿದೆ. ಒಳಗಿವಿಯ ತೊಂದರೆಯಿಂದ ಬರುವ ತಲೆಸುತ್ತು ಬೇರೆ, ಎತ್ತರದ ಭೀತಿಯಲ್ಲಿ ಕಾಣುವ ತಲೆಸುತ್ತು ಬೇರೆ. ಒಳಗಿವಿಯ ತೊಂದರೆ ಇರುವವರಿಗೆ ಮಂಚದ ಮೇಲೆ ಮಗ್ಗುಲು ಬದಲಿಸುವಾಗಲೂ ಕೋಣೆ ಸುತ್ತಬಹುದು. ಅಂಥವರನ್ನು ಧೈರ್ಯದ ಹೆಸರಿನಲ್ಲಿ ಬೆಟ್ಟ ಹತ್ತಿಸುವುದು ಅಪಾಯ. ಇವರ ಪರೀಕ್ಷೆಗಳಲ್ಲಿ ಅಂಥದ್ದೇನೂ ಸಿಗಲಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಐದನೆಯ ಆವೃತ್ತಿಯ ಪ್ರಕಾರ, ನಿರ್ದಿಷ್ಟ ವಸ್ತು ಅಥವಾ ಸನ್ನಿವೇಶದ ಬಗೆಗಿನ ಭಯವು ನಿಜವಾದ ಅಪಾಯಕ್ಕಿಂತ ಅಳತೆ ಮೀರಿದ್ದು, ಸಾಮಾನ್ಯವಾಗಿ ಆರು ತಿಂಗಳು ಅಥವಾ ಹೆಚ್ಚು ಕಾಲ ಉಳಿದು, ಬದುಕಿನ ಕೆಲಸಗಳಿಗೆ ಅಡ್ಡಿಯಾಗುತ್ತಿದ್ದರೆ ಅದು ಫೋಬಿಯಾ. ಇವರ ವಿಷಯದಲ್ಲಿ ಅದು ಮೂವತ್ತು ವರ್ಷಗಳಿಗೂ ಮೀರಿತ್ತು.

ಅವರ ನೆನಪಿನಲ್ಲಿ ಉಳಿದಿದ್ದ ಮೊದಲ ಘಟನೆ ಒಂಬತ್ತನೆಯ ವಯಸ್ಸಿನದು. ಅಜ್ಜಿಯ ಮನೆಯ ತಾರಸಿಯ ಮೇಲೆ, ಹಪ್ಪಳ ಒಣಗಿಸಿದ್ದ ಚಾಪೆಯ ಪಕ್ಕದಲ್ಲಿ, ಕೈಪಿಡಿ ಗೋಡೆಯಿಲ್ಲದ ಅಂಚಿನಲ್ಲಿ ನಿಂತು ಅವರು ಕೆಳಗಿನ ಕಣವನ್ನು ನೋಡುತ್ತಿದ್ದರು. ಆಗ ಅವರಿಗೆ ಭಯವಿರಲಿಲ್ಲ. ಕಣದಲ್ಲಿ ರಾಗಿ ತೂರುತ್ತಿದ್ದದ್ದು ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು ಎಂಬುದೂ ನೆನಪಿದೆ. ಕೆಳಗಿದ್ದ ದೊಡ್ಡಮ್ಮ ತಲೆ ಎತ್ತಿ ನೋಡಿ, ‘ಬಿದ್ದೋಯ್ತೀಯ ಕಣೇ, ಅಯ್ಯೋ ಹಿಡ್ಕಳ್ರೋ ಯಾರಾದ್ರೂ!’ ಎಂದು ಚೀರಿದರು. ಮಗು ಬೀಳಲಿಲ್ಲ. ದೊಡ್ಡಮ್ಮನ ಮುಖ ಮಾತ್ರ ಉಳಿಯಿತು. ಆ ರಾತ್ರಿ ಜ್ವರ ಬಂದಿತೆಂದೂ, ತಾಯಿ ದೃಷ್ಟಿ ತೆಗೆದು ಕೊರಳಿಗೆ ಅಂತ್ರ ಕಟ್ಟಿಸಿದರೆಂದೂ ಅವರು ಹೇಳಿದರು.

ಒಂದು ಘಟನೆಯೇ ಭೀತಿಗೆ ಕಾರಣ ಎಂದು ನಾನು ಸುಲಭವಾಗಿ ಒಪ್ಪುವುದಿಲ್ಲ. ಎಷ್ಟೋ ಜನರಿಗೆ ಇಂಥ ಯಾವ ಘಟನೆಯೂ ನೆನಪಿರುವುದಿಲ್ಲ; ಎತ್ತರದ ಬಗ್ಗೆ ಎಚ್ಚರಿಕೆ ಮನುಷ್ಯನ ಮೈಯಲ್ಲಿಯೇ ಇದೆ. 1960ರಲ್ಲಿ ಎಲಿನಾರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಎಂಬ ಮನಶ್ಶಾಸ್ತ್ರಜ್ಞರು, ಗಟ್ಟಿ ಗಾಜಿನ ಕೆಳಗೆ ಆಳ ಕಾಣುವಂತೆ ಮಾಡಿದ ಮೇಜೊಂದರ ಮೇಲೆ ಅಂಬೆಗಾಲಿಡುವ 36 ಶಿಶುಗಳನ್ನು ಬಿಟ್ಟಾಗ, ಮೂರು ಶಿಶುಗಳು ಮಾತ್ರ ಆಳ ಕಾಣುವ ಕಡೆಗೆ ಹೋದವು. ಈ ಪ್ರಕರಣಕ್ಕೆ ಅದಕ್ಕಿಂತ ಹತ್ತಿರವಾದದ್ದು 1985ರಲ್ಲಿ ಪ್ರಕಟವಾದ, ಜೇಮ್ಸ್ ಸೋರ್ಸ್, ಜೋಸೆಫ್ ಕ್ಯಾಂಪೋಸ್ ಮತ್ತು ಸಂಗಡಿಗರ ಪ್ರಯೋಗ. ಅವರು ಆಳವನ್ನು ಅಷ್ಟೇನೂ ಭಯ ಹುಟ್ಟಿಸದಷ್ಟು ಕಡಿಮೆ ಮಾಡಿ, ಎದುರು ತುದಿಯಲ್ಲಿ ತಾಯಂದಿರನ್ನು ನಿಲ್ಲಿಸಿದರು. ತಾಯಿಯ ಮುಖದಲ್ಲಿ ಸಂತೋಷ ಕಂಡ 19 ಮಕ್ಕಳಲ್ಲಿ 14 ಮಕ್ಕಳು ದಾಟಿಬಂದವು; ಭಯ ಕಂಡ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಇದನ್ನು ಹೇಳಿದಾಗ ಶಿಕ್ಷಕಿ ಕೇಳಿದ ಪ್ರಶ್ನೆ ನನ್ನನ್ನು ಮುಂದಿನ ದಾರಿಗೆ ಹಚ್ಚಿತು. ‘ದೊಡ್ಡಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು. ಈಗ ನಾನು ಯಾರ ಮುಖ ನೋಡುತ್ತಿದ್ದೇನೆ?’

ಉತ್ತರ ಆ ಕೊಠಡಿಯಲ್ಲೇ, ಅವರ ಪಕ್ಕದ ಕುರ್ಚಿಯಲ್ಲಿತ್ತು. ಅವರ ಗಂಡ ಬಹಳ ಒಳ್ಳೆಯ ಮನುಷ್ಯ. ಮದುವೆಯಾದ ವರ್ಷವೇ ಹೆಂಡತಿಯ ಭಯವನ್ನು ಅರಿತು, ಅಂದಿನಿಂದ ಅಟ್ಟದ ಡಬ್ಬಿ ಇಳಿಸುವುದು, ತಾರಸಿಯಲ್ಲಿ ಬಟ್ಟೆ ಹರಡುವುದು, ನೆಂಟರ ಮನೆಗೆ ಹೋದರೆ ಮೊದಲು ತಾವೇ ಒಳಗೆ ಹೋಗಿ ಬಾಲ್ಕನಿಯ ಬಾಗಿಲು ಮುಚ್ಚಿಸುವುದು, ಎಲ್ಲವನ್ನೂ ಒಂದು ಮಾತಿಲ್ಲದೆ ಮಾಡಿಕೊಂಡು ಬಂದಿದ್ದರು. ಮಗನೂ ಚಿಕ್ಕಂದಿನಿಂದ ಕಿಟಕಿ ಮುಚ್ಚುವುದನ್ನು ಕಲಿತಿದ್ದ. ಮುಖ್ಯೋಪಾಧ್ಯಾಯರು ಅವರ ತರಗತಿಗಳನ್ನೆಲ್ಲ ನೆಲಮಹಡಿಗೆ ಹಾಕಿಕೊಟ್ಟಿದ್ದರು. ಹೀಗೆ ಒಂದೊಂದು ಸಲ ತಪ್ಪಿಸಿಕೊಂಡಾಗಲೂ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯೆನಿಸುವಿಕೆಯೇ ತಪ್ಪಿಸಿಕೊಳ್ಳುವ ಅಭ್ಯಾಸಕ್ಕೆ ಸಿಗುವ ಬಹುಮಾನ. ಹೋಗಿದ್ದರೆ ಏನಾಗುತ್ತಿತ್ತು ಎಂದು ತಿಳಿಯುವ ಅವಕಾಶ ಮನಸ್ಸಿಗೆ ಸಿಗುವುದೇ ಇಲ್ಲವಾದ್ದರಿಂದ, ಒಂಬತ್ತು ವರ್ಷದ ಮಗುವಿನ ತೀರ್ಮಾನ ನಲವತ್ತಮೂರರಲ್ಲೂ ಹಾಗೆಯೇ ಉಳಿಯುತ್ತದೆ. ಮನೆಯವರ ಅಕ್ಕರೆಯೇ ಭೀತಿಗೆ ನೀರೆರೆಯುತ್ತಿತ್ತು ಎಂದು ಹೇಳುವುದು ನನಗೆ ಸುಲಭವಾಗಿರಲಿಲ್ಲ, ಏಕೆಂದರೆ ಆ ಅಕ್ಕರೆಯಲ್ಲಿ ಒಂದಿಷ್ಟೂ ಕೃತಕತೆ ಇರಲಿಲ್ಲ.

ಚಿಕಿತ್ಸೆಯ ತತ್ತ್ವ ಹೊಸದಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗು ತನಗಿಷ್ಟವಾದದ್ದನ್ನು ತಿನ್ನುತ್ತಿದ್ದಾಗ ಮೊಲದ ಪಂಜರವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತರುತ್ತಾ ಹೋಗಿ, ಕೊನೆಗೆ ಆ ಮಗು ಮೊಲವನ್ನು ಮುಟ್ಟಿ ಸವರುವಂತೆ ಮಾಡಿದರು. ಭಯವನ್ನು ಸೊನ್ನೆಯಿಂದ ನೂರರವರೆಗೆ ಅಳೆದು ಹೇಳುವ ಪದ್ಧತಿ ಜೋಸೆಫ್ ವೋಲ್ಪೆ ಎಂಬ ಮನೋವೈದ್ಯರದು. ನಮ್ಮ ಶಿಕ್ಷಕಿಗೆ ಅಂಕ ಹಾಕುವುದು ಅಭ್ಯಾಸವಾದ್ದರಿಂದ ಅದು ಬೇಗ ಒಗ್ಗಿತು. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ನಿಲ್ಲುವುದಕ್ಕೆ 30, ಶಾಲೆಯ ಮೊದಲ ಮಹಡಿಯ ಪಡಸಾಲೆಯಲ್ಲಿ ಕಂಬಿಯ ಬಳಿ ನಿಲ್ಲುವುದಕ್ಕೆ 70, ಹಾಸನ ರೈಲು ನಿಲ್ದಾಣದ ಮೇಲ್ಸೇತುವೆಗೆ 80, ಚಿಕ್ಕಬೆಟ್ಟಕ್ಕೆ 85, ದೊಡ್ಡಬೆಟ್ಟಕ್ಕೆ 100 ಎಂದು ಅವರೇ ಬರೆದರು. ಬೆಟ್ಟಗಳನ್ನು ಪಟ್ಟಿಗೆ ಸೇರಿಸಿದ್ದು ನಾನಲ್ಲ. ಹಾಸ್ಟೆಲಿನ ಕೋಣೆಗೆ ಎಷ್ಟು ಎಂದು ಕೇಳಿದಾಗ ಅಂಕ ಕೊಡಲು ಒಪ್ಪಲಿಲ್ಲ.

ಸ್ಟೂಲಿನಿಂದ ಶಾಲೆಯ ಪಡಸಾಲೆಯವರೆಗಿನ ಹಂತಗಳು ಆರು ವಾರಗಳಲ್ಲಿ ಸರಾಗವಾಗಿ ಮುಗಿದವು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವರು ಪಡಸಾಲೆಯಲ್ಲಿ ಇಪ್ಪತ್ತೈದು ನಿಮಿಷ ನಿಂತು, ಐದು ನಿಮಿಷಕ್ಕೊಮ್ಮೆ ಅಂಕ ಬರೆದುಕೊಳ್ಳುತ್ತಿದ್ದರು; 75ರಲ್ಲಿ ಆರಂಭವಾದದ್ದು 40ಕ್ಕೆ ಇಳಿಯುತ್ತಿತ್ತು. ಇಲ್ಲಿ ಅವರಿಗೆ ನೆರವಾದ ಒಂದು ತಿಳಿವಳಿಕೆಯನ್ನು ಹೇಳಬೇಕು. ನೆಟ್ಟಗೆ ನಿಲ್ಲಲು ನಮ್ಮ ಕಣ್ಣು ಹತ್ತಿರದ ನಿಶ್ಚಲ ವಸ್ತುಗಳನ್ನು ಆಧಾರವಾಗಿ ಬಳಸುತ್ತದೆ. ಎತ್ತರದಲ್ಲಿ ಕಣ್ಣೆದುರಿನ ವಸ್ತುಗಳೆಲ್ಲ ದೂರವಾಗುವುದರಿಂದ ಆ ಆಧಾರ ತಗ್ಗಿ, ಮೈ ಒಂದಿಷ್ಟು ಹೆಚ್ಚು ತೂಗಾಡುತ್ತದೆ. ಇದು ಯಾರಿಗಾದರೂ ಆಗುವಂಥದ್ದು. ಭೀತಿ ಇರುವವರು ಆ ತೂಗಾಟವನ್ನು ಬೀಳುವ ಸೂಚನೆಯೆಂದು ಓದಿಕೊಳ್ಳುತ್ತಾರೆ. ಚಲಿಸುವ ಮೋಡವನ್ನೋ ತಲೆದೂಗುವ ತೆಂಗನ್ನೋ ನೋಡುವ ಬದಲು ಹತ್ತಿರದ ಕಂಬವೊಂದನ್ನು ನೋಡಿ, ಪಾದಗಳನ್ನು ಸ್ವಲ್ಪ ಅಗಲಿಸಿ ನಿಂತರೆ ಮೈ ನಿಲ್ಲುತ್ತದೆ. ‘ನನ್ನ ಮನಸ್ಸು ಕೆಟ್ಟಿದೆ ಎಂದುಕೊಂಡಿದ್ದೆ, ಇದು ಕಣ್ಣಿನ ಲೆಕ್ಕವೇ?’ ಎಂದು ಅವರು ಆಶ್ಚರ್ಯಪಟ್ಟರು.

ಆಮೇಲೆ ನಾನೊಂದು ತಪ್ಪು ಮಾಡಿದೆ. ಪಡಸಾಲೆಯ ಯಶಸ್ಸಿನಿಂದ ಉತ್ಸಾಹಗೊಂಡು, ರೈಲ್ವೆ ಮೇಲ್ಸೇತುವೆಯ ಹಂತವನ್ನು ಬಿಟ್ಟು, ನೇರವಾಗಿ ಚಿಕ್ಕಬೆಟ್ಟಕ್ಕೆ ಹೋಗೋಣವೆಂದೆ. ಗಂಡನೂ ಬಂದರು. ಮೊದಲ ಮೆಟ್ಟಿಲಿನಿಂದ ಚಾವುಂಡರಾಯ ಬಸದಿಯ ಅಂಗಳದವರೆಗೆ ಅವರು ಹೆಂಡತಿಯ ಮುಂಗೈಯನ್ನು ಬಿಡಲಿಲ್ಲ; ನಾನೂ ಬಿಡಿಸಲಿಲ್ಲ. ಮೇಲೆ ತಲುಪಿದೆವು, ಫೋಟೋ ತೆಗೆದೆವು, ಇಳಿದೆವು. ನನ್ನ ಟಿಪ್ಪಣಿಯಲ್ಲಿ ಅಂದು ‘ಯಶಸ್ವಿ’ ಎಂದು ಬರೆದಿದ್ದೇನೆ. ಮರುವಾರ ಅವರು ಬಂದಾಗ ಚಿಕ್ಕಬೆಟ್ಟದ ಅಂಕ 85ರಿಂದ 95ಕ್ಕೆ ಏರಿತ್ತು, ಪಡಸಾಲೆಯ ಅಂಕವೂ ಮತ್ತೆ 60 ದಾಟಿತ್ತು. ‘ಇವರು ಹಿಡಿದುಕೊಂಡಿದ್ದಕ್ಕೆ ಬೀಳಲಿಲ್ಲ, ಇಲ್ಲದಿದ್ದರೆ ಅಂದು ನನ್ನ ಕಥೆ ಮುಗಿಯುತ್ತಿತ್ತು’ ಎಂದರು. ಅವರ ಮನಸ್ಸು ಬೆಟ್ಟ ಹತ್ತಿದ ಅನುಭವದಿಂದ ತನಗೆ ಬೇಕಾದ ಪಾಠವನ್ನಷ್ಟೇ ತೆಗೆದುಕೊಂಡಿತ್ತು: ಉಳಿಸಿದ್ದು ಆ ಕೈ.

ಹತ್ತುವುದೇ ಮುಖ್ಯ ಎಂದು ನಾನು ತಿಳಿದಿದ್ದೆ. ನಿಜವಾಗಿ ಪರೀಕ್ಷೆಗೆ ಒಡ್ಡಬೇಕಾದದ್ದು ‘ಕೈ ಬಿಟ್ಟರೆ ಬೀಳುತ್ತೇನೆ’ ಎನ್ನುವ ಅವರ ಮುನ್ಸೂಚನೆಯನ್ನು. ಆದ್ದರಿಂದ ಯೋಜನೆಯನ್ನು ಬದಲಿಸಿದೆವು. ಎರಡು ಕಲಮುಗಳ ಒಂದು ನೋಟ್‌ಪುಸ್ತಕ ಮಾಡಿ, ಪ್ರತಿ ಪ್ರಯತ್ನಕ್ಕೂ ಮುನ್ನ ‘ಏನಾಗುತ್ತದೆ ಎಂದುಕೊಂಡಿದ್ದೇನೆ’ ಎಂದೂ, ಮುಗಿದ ಮೇಲೆ ‘ಏನಾಯಿತು’ ಎಂದೂ ಬರೆಯಿಸಿದೆ. ಭಯ ಇಳಿಯಿತೇ ಎಂಬ ಪ್ರಶ್ನೆ ಎರಡನೆಯ ಸ್ಥಾನಕ್ಕೆ ಹೋಯಿತು.

ಕಷ್ಟವಾದದ್ದು ಗಂಡನಿಗೆ. ‘ಏನ್ಮಾಡೋದು ಮೇಡಂ, ಬಿಟ್ರೆ ಬಿದ್ದೋಗ್ತಾಳೇನೋ ಅನ್ನಿಸ್ತದೆ, ಕೈ ತಾನಾಗೇ ಹೋಗ್ತದೆ’ ಎಂದರು. ಇಪ್ಪತ್ತು ವರ್ಷಗಳಲ್ಲಿ ಅವರಿಗೂ ಒಂದು ಭೀತಿ ಬೆಳೆದಿತ್ತು. ಅದು ಎತ್ತರದ್ದಲ್ಲ, ಹೆಂಡತಿ ಹೆದರುವುದನ್ನು ನೋಡುವ ಭೀತಿ. ಹಾಗಾಗಿ ಅವರಿಗೂ ಒಂದು ಪುಟ್ಟ ಮೆಟ್ಟಿಲಪಟ್ಟಿ ಮಾಡಿದೆ. ಮೊದಲು ಹೆಂಡತಿ ಸ್ಟೂಲು ಹತ್ತುವಾಗ ಹಾಲಿನಲ್ಲಿ ಕುಳಿತು ಪತ್ರಿಕೆ ಓದುವುದು, ಆಮೇಲೆ ಆಕೆ ತಾರಸಿಗೆ ಹೋದಾಗ ಹಿಂದೆ ಹೋಗದಿರುವುದು, ‘ಹುಷಾರು’ ಎನ್ನುವ ಮಾತನ್ನು ನುಂಗಿಕೊಳ್ಳುವುದು. ಆ ಕೊನೆಯದು ತಮಗೆ ಎಲ್ಲಕ್ಕಿಂತ ಕಠಿಣವೆಂದು ಅವರೇ ಒಪ್ಪಿಕೊಂಡರು. ಇಂಥ ಪ್ರಕರಣಗಳಲ್ಲಿ ಮನೆಯವರಿಗೂ ಅಷ್ಟೇ ಗೌರವದಿಂದ ಅಷ್ಟೇ ಸಮಯ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ; ‘ನಿಮ್ಮಿಂದಲೇ ಹೀಗಾಯಿತು’ ಎಂದು ಹೇಳಿ ಕಳುಹಿಸಿದರೆ ಅವರು ಅಪರಾಧಭಾವದಿಂದ ಮತ್ತಷ್ಟು ಬಿಗಿಯಾಗಿ ಹಿಡಿಯುತ್ತಾರೆ.

ಮೇಲ್ಸೇತುವೆ ನಾಲ್ಕು ಭೇಟಿಗಳನ್ನು ತೆಗೆದುಕೊಂಡಿತು. ಮೊದಲ ಸಲದ ಮುನ್ಸೂಚನೆ, ‘ನಡುವೆ ಕಾಲು ಕುಸಿಯುತ್ತದೆ, ಜನ ಎತ್ತಿಕೊಂಡು ಇಳಿಸಬೇಕಾಗುತ್ತದೆ’ ಎಂದಿತ್ತು. ಫಲಿತಾಂಶದ ಕಲಮಿನಲ್ಲಿ, ‘ಕಾಲು ನಡುಗಿತು, ಕುಸಿಯಲಿಲ್ಲ. ಕೆಳಗೆ ಗೂಡ್ಸ್ ಗಾಡಿ ಹೋಗುವಾಗ ಕಂಬಿ ಹಿಡಿದೆ. ಅದು ಹೋದ ಮೇಲೆ ಬಿಟ್ಟೆ’ ಎಂದಿದೆ. ನವೆಂಬರಿನಲ್ಲಿ ಎರಡನೆಯ ಸಲ ಚಿಕ್ಕಬೆಟ್ಟ ಹತ್ತಿದಾಗ ಗಂಡ ಐವತ್ತು ಹೆಜ್ಜೆ ಹಿಂದೆ ಇದ್ದರು. ಅರ್ಧದಾರಿಯಲ್ಲಿ ಶಿಕ್ಷಕಿ ಬಂಡೆಯ ಮೇಲೆ ಕುಳಿತುಬಿಟ್ಟರು. ನಾನು ಸಮಾಧಾನ ಹೇಳಲಿಲ್ಲ. ಅಂಕ ಮಾತ್ರ ಕೇಳಿದೆ. 90 ಎಂದರು. ಹನ್ನೆರಡು ನಿಮಿಷ ಹಾಗೆಯೇ ಕುಳಿತಿದ್ದು, 80 ಇರುವಾಗಲೇ, ಅಂದರೆ ಭಯ ಹೆಚ್ಚುಕಡಿಮೆ ಹಾಗೆಯೇ ಇರುವಾಗಲೇ, ತಾವಾಗಿ ಎದ್ದು ನಡೆದರು. ಇಡೀ ಪ್ರಕರಣದಲ್ಲಿ ಧೈರ್ಯ ಎಂಬ ಮಾತನ್ನು ನಾನು ಬಳಸುವುದಾದರೆ ಆ ಎದ್ದ ಗಳಿಗೆಗೆ ಬಳಸುತ್ತೇನೆ.

ದೊಡ್ಡಬೆಟ್ಟಕ್ಕೆ ಹೋದದ್ದು ಜನವರಿಯ ಒಂದು ವಾರದ ದಿನ, ಬೆಳಿಗ್ಗೆ ಬೇಗ. ಮಳೆಗಾಲದಲ್ಲಿ ಬೇಡವೆಂದು ನಾನೇ ತಡೆದಿದ್ದೆ. ನೆನೆದ ಬಂಡೆಯ ಮೇಲೆ ಬರಿಗಾಲು ಜಾರೀತೆಂಬ ಅಳುಕು ವಿವೇಕವೇ ಹೊರತು ಭೀತಿಯಲ್ಲ, ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸುವುದೂ ಚಿಕಿತ್ಸೆಯ ಭಾಗ. ನೆಲಮಟ್ಟದಿಂದ ಸುಮಾರು 470 ಅಡಿ ಎತ್ತರದ ಆ ಬೆಟ್ಟಕ್ಕೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳಿವೆ, ಪಕ್ಕದಲ್ಲಿ ಕಬ್ಬಿಣದ ಕಂಬಿ ಇದೆ. ಬುಡದಲ್ಲಿ ಡೋಲಿಯವರು ಕೇಳಿದಾಗ ಅವರು ಒಂದು ಕ್ಷಣ ನಿಂತದ್ದನ್ನು ಗಮನಿಸಿದೆ. ಗಂಡ ಅಂದು ಮೇಲೆ ಬರಲಿಲ್ಲ. ಕಲ್ಯಾಣಿಯ ಹತ್ತಿರ ಚಪ್ಪಲಿಗಳ ಜೊತೆ ಕುಳಿತರು.

ಹತ್ತುವಾಗ ಕಣ್ಣಿನ ಮುಂದೆ ಬಂಡೆಯೇ ಇರುವುದರಿಂದ ಅಂಕ 70 ದಾಟಲಿಲ್ಲ. ಒದೆಗಲ್ ಬಸದಿಯ ಬಳಿ ಅವರು ನಿಂತು, ಗೋಡೆಗೆ ಆನಿಸಿದ ಕಲ್ಲಿನ ಊರೆಗಳನ್ನು ನೋಡಿದರು. ಆ ಬಸದಿಗೆ ಹೆಸರು ಬಂದದ್ದೇ ಆ ಒದೆಗಲ್ಲುಗಳಿಂದ. ‘ಇಷ್ಟು ವರ್ಷ ನನಗೂ ಸುತ್ತಲೂ ಇವೇ ಇದ್ದವು’ ಎಂದು ಮೆಲ್ಲಗೆ ಹೇಳಿದರು. ಅಖಂಡ ಬಾಗಿಲು ದಾಟಿ, ಗುಳ್ಳಕಾಯಜ್ಜಿಯ ಮೂರ್ತಿಯನ್ನೂ ದಾಟಿ ಸುತ್ತಾಲಯದ ಬಾಗಿಲಿಗೆ ಬಂದಾಗ, 58 ಅಡಿಯ ಮೂರ್ತಿಯ ಕಡೆಗೆ ತಿರುಗುವ ಮೊದಲು ಅವರು ಶಾಸನದ ಕಲ್ಲನ್ನು ಹುಡುಕಿದರು. ಹಳಗನ್ನಡ ಲಿಪಿ ಅವರಿಗೆ ಪೂರ್ತಿ ಓದಲು ಬರುವುದಿಲ್ಲ. ಅಕ್ಷರಗಳ ಮೇಲೆ ಕಣ್ಣಾಡಿಸುತ್ತಾ ಪದ್ಯವನ್ನು ಬಾಯಲ್ಲಿ ಹೇಳಿಕೊಂಡರು. ನಾನು ದೂರ ನಿಂತೆ.

ಇಳಿಯುವುದು ಬೇರೆಯೇ ಕೆಲಸವಾಗಿತ್ತು. ಇಳಿಯುವವರ ಎದುರಿಗೆ ಬಂಡೆ ಇರುವುದಿಲ್ಲ. ಇಡೀ ಊರು, ಎದುರಿನ ಚಿಕ್ಕಬೆಟ್ಟ, ನಡುವೆ ಅಂಗೈಯಗಲದ ಕಲ್ಯಾಣಿ, ಆಚೆಗೆ ತೆಂಗಿನ ತೋಟಗಳು ಒಮ್ಮೆಲೇ ತೆರೆದುಕೊಳ್ಳುತ್ತವೆ. ಅಂಕ 95ಕ್ಕೆ ಏರಿತು. ಅವರು ಎರಡು ಕಡೆ ಕುಳಿತರು, ಒಂದು ಕಡೆ ಮಗುವಿನಂತೆ ಕುಳಿತುಕೊಂಡೇ ಏಳೆಂಟು ಮೆಟ್ಟಿಲು ಜರುಗಿದರು. ಪಕ್ಕದಲ್ಲಿ ಇಳಿಯುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ‘ಕೈ ಕೊಡವ್ವ’ ಎಂದು ಕೈಚಾಚಿದಾಗ, ‘ಬೇಡ ಅಜ್ಜಿ, ನಾನೇ ಬತ್ತೀನಿ’ ಎಂದರು. ಹತ್ತಲು ಐವತ್ತು ನಿಮಿಷ, ಇಳಿಯಲು ಒಂದೂಕಾಲು ಗಂಟೆ ಹಿಡಿಯಿತು. ಆ ರಾತ್ರಿಯ ನೋಟ್‌ಪುಸ್ತಕದಲ್ಲಿ ಎಡಗಡೆ, ‘ಹಾರಿಬಿಡುತ್ತೇನೆ’ ಎಂದಿದ್ದರೆ ಬಲಗಡೆ, ‘ಯೋಚನೆ ಮೂರು ಸಲ ಬಂತು. ಹಾರಲಿಲ್ಲ. ಬಿಸಿಲು ಏರಿದ್ದರಿಂದ ಅಂಗಾಲು ಸುಟ್ಟಿತು’ ಎಂದಿದೆ.

ಒಟ್ಟು ಹದಿನಾಲ್ಕು ಭೇಟಿಗಳು, ಆರು ತಿಂಗಳು. ಭೀತಿ ಪೂರ್ತಿ ಹೋಗಿದೆ ಎಂದು ನಾನು ಹೇಳಲಾರೆ. ಬಿಡುವು ಕೊಟ್ಟರೆ ಅದು ಮರಳುವುದುಂಟು. ಅದಕ್ಕಾಗಿ ತಿಂಗಳಿಗೊಮ್ಮೆಯಾದರೂ ಯಾವುದಾದರೂ ಎತ್ತರಕ್ಕೆ ಹೋಗಿಬರಬೇಕೆಂದು ಒಪ್ಪಂದವಾಗಿದೆ. ಕೈಪಿಡಿ ಗೋಡೆಯಿಲ್ಲದ ತಾರಸಿಯ ಅಂಚಿಗೆ ಅವರು ಈಗಲೂ ಹೋಗುವುದಿಲ್ಲ, ಹೋಗುವ ಅಗತ್ಯವೂ ಇಲ್ಲ. ಈ ವರ್ಷ ಮೊದಲ ಮಹಡಿಯಲ್ಲಿರುವ ಹತ್ತನೆಯ ತರಗತಿಯನ್ನು ತಾವೇ ಕೇಳಿ ಪಡೆದಿದ್ದಾರೆ.

ಏಪ್ರಿಲ್‌ನಲ್ಲಿ, ಯಾರಿಗೂ ಮೊದಲೇ ಹೇಳದೆ, ಒಬ್ಬರೇ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಮಗನ ಕೋಣೆಗೆ ಹತ್ತಿದರು. ಅದನ್ನು ಮುಂದಿನ ಭೇಟಿಯಲ್ಲಿ ನನಗೆ ಹೇಳಿದರು. ಮಂಚದ ಪಕ್ಕದಲ್ಲಿ ದೊಡ್ಡ ಕಿಟಕಿ ಇತ್ತಂತೆ. ಅಮ್ಮ ಒಳಗೆ ಬಂದೊಡನೆ ಮಗ ರೂಢಿಯಂತೆ ಎದ್ದು ಅದನ್ನು ಮುಚ್ಚಲು ಹೋದನಂತೆ. ‘ಇರಲಿ ಬಿಡೋ, ಗಾಳಿ ಬರಲಿ’ ಎಂದು ಅಲ್ಲೇ ಕುಳಿತರಂತೆ. ಆಗ ಅಂಕ ಎಷ್ಟಿತ್ತು ಎಂದು ಕೇಳಿದೆ. ನಲವತ್ತು ಎಂದರು.